ಹನ್ನೊಂದು ಮನೆಯ ಹಕ್ಕಿ

ದಾರ ಕಾಗದದ್ದು.
ನಂಬದಿದ್ದರೆ ನಾಲಿಗೆಗೆ ತಾಗಿಸಿ ನೋಡಿ, ಲಕೋಟೆಯ ರುಚಿ.
ಯುದ್ಧದ ಕಾಲಕ್ಕೆ ಅಮ್ಮ ಇದರದ್ದೇ ಬೂಟು ಮೆಟ್ಟಿ
ಶಾಲೆಗೆ ಹೋದಳಂತೆ; ಹಿಮ ಕರಗುವ ತಿಂಗಳು ಮಾತ್ರ
ಅವನ್ನು ಕೈಯಲ್ಲಿ ಹಿಡಿದು ನಡೆದಳಂತೆ.

ಕೆಮಿಯಲ್ಲಿ ಜನವರಿ. ಹತ್ತೂವರೆಗೆ ಬಂದ ಬೆಳಕು
ಕಾಫಿ ಆರುವುದರೊಳಗೆ ಹೊರಡುವ ನೆಂಟ.
ಕಿಟಕಿಯಾಚೆ ಕಡಲು ಸೆಟೆದುಕೊಂಡು ಬಿದ್ದಿದೆ.

ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ
ಒಂದು ಹಕ್ಕಿ ಬಿಡಿಸಿಕೊಂಡೆ.
ಕೊಕ್ಕಿಗೆ ಒಂದು ಮನೆ, ಕುತ್ತಿಗೆಗೆ ಎರಡು,
ಹೊಟ್ಟೆಗೆ ಐದು, ಬಾಲಕ್ಕೆ ಮೂರು.
‘ಯಾವ ಹಕ್ಕಿ ಇದು?’ ಓಯ್ವಾ ಕೇಳಿದ.
‘ಹನ್ನೊಂದು ಮನೆಯ ಹಕ್ಕಿ’ ಎಂದೆ.

ಹಕ್ಕಿಗೂ ಹಕ್ಕಿಗೂ ನಡುವೆ ಒಂದು ಖಾಲಿ ಮನೆ,
ಸುತ್ತಿಗೆ ನೂರಿಪ್ಪತ್ತು ಕುಣಿಕೆ.
ಕಪ್ಪು ಹೆಣೆಯುವಾಗ ಬಿಳಿ ಒಳಗೆ ಅವಿತು ಬರುತ್ತದೆ,
ಬಿಳಿ ಹೆಣೆಯುವಾಗ ಕಪ್ಪು.
ಮೂವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಳೆಯ ಮೇಲೆ ನೆಟ್ಟಗೆ ನಿಂತ ಹಕ್ಕಿ
ಚೀಲದ ಮೇಲೆ ಬಲಕ್ಕೆ ವಾಲುತ್ತದೆ.
ತಪ್ಪಲ್ಲ ಅದು, ಬಲಗೈಯ ಗುಣ:
ಪ್ರತಿ ಕುಣಿಕೆಯೂ ಕೆಳಗಿನದರ ಹೆಗಲ ಮೇಲೆ
ಕೂದಲೆಳೆಯಷ್ಟು ಜಾರಿಯೇ ಕೂರುತ್ತದೆ.
‘ಕುಡಿದಿವೆ ನಿನ್ನ ಹಕ್ಕಿಗಳು’ ಎಂದ.
‘ಹಾಗಾದರೆ ನೀನೇ ಹೆಣಿ’
ಎಂದವಳು ನಾಲಿಗೆ ಕಚ್ಚಿಕೊಂಡೆ.

ಕಾಗದದ ಕಾರ್ಖಾನೆಯ ಉರುಳೆ ಅವನ ಬಲಗೈಯ
ಎರಡು ಬೆರಳು ಉಂಡಿದ್ದು ಹೋದ ಮಾರ್ಚಿನಲ್ಲಿ.
ಅಲ್ಲಿಂದೀಚೆ ಆ ಕೈ ಜೇಬಿನಲ್ಲೇ ವಾಸ,
ಊಟದ ಮೇಜಿಗೂ ಬಾರದು.

ಸಿಟ್ಟಾಗಲಿಲ್ಲ. ಕುರ್ಚಿ ಎಳೆದು
ನನ್ನೆದುರು ಕೂತ, ಕನ್ನಡಿಯ ಹಾಗೆ.
ನನ್ನ ಬಲಗೈಯಲ್ಲಿ ಕೊಕ್ಕೆ, ಅವನ ಎಡಗೈಯಲ್ಲಿ ಕೊಕ್ಕೆ.
ಜೇಬಿನಿಂದ ಹೊರಬಂದ ಮೂರು ಬೆರಳು
ದಾರವನ್ನು ಗಾಳಕ್ಕೆ ಸಿಕ್ಕ ಮೀನಿನಂತೆ ಹಿಡಿದವು,
ಬಿಟ್ಟವು, ಹಿಡಿದವು.
ಮೊದಲ ವಾರ ಹೆಣೆದದ್ದು
ಲೋಟದ ಕೆಳಗಿಡಲೂ ಬಾರದ ಗಂಟು.
ನಾನು ಕಲಿತದ್ದು ನಾಲ್ಕು ಹೊಸ ಬೈಗುಳ.

ತಂಗಿ ಲೆಂಪಿಯ ಕಣ್ಣಿನ ಆಪರೇಷನ್ನಿಗೆಂದು
ಔಲುವಿಗೆ ಹೋಗಿ ವಾರ ಬಿಟ್ಟು ಬಂದರೆ
ನನ್ನ ಚೀಲ ಬೆಳೆದಿದೆ.
ನಾನು ಬಿಟ್ಟ ಸಾಲಿನ ಮೇಲೆ ಮತ್ತೊಂದು ಸಾಲು,
ಹತ್ತೂ ಹಕ್ಕಿ ಎಡಕ್ಕೆ ವಾಲಿವೆ.
ಎಡಗೈಯ ಎಡವಟ್ಟು.

ಕೊಕ್ಕೆ ತೆಗೆದು ದಾರದ ತುದಿ ಬೆರಳಿಗೆ ಸುತ್ತಿಕೊಂಡೆ.
ಎಳೆದರೆ ಸಾಕು, ಸರಸರ ಬಿಚ್ಚೀತು.
ಆದರೆ ಕಾಗದ, ಒಮ್ಮೆ ಮಡಿಚಿದ್ದನ್ನು ಮರೆಯುವ ಜಾತಿಯಲ್ಲ,
ಬಿಚ್ಚಿದ ಮೇಲೂ ಗುಂಗುರಾಗಿಯೇ ಉಳಿಯುತ್ತದೆ.
ಎಣಿಸಿದೆ. ನೂರಿಪ್ಪತ್ತು.
ಕೋಟು ಕಳಚದೆ ಮತ್ತೆ ಎಣಿಸಿದೆ.
ಅವನ ಸಾಲಿನಲ್ಲಿ ಒಂದು ಮನೆಯೂ ತಪ್ಪಿರಲಿಲ್ಲ.
ನನ್ನ ಸಾಲಿನಲ್ಲಿ
ಏಳನೇ ಹಕ್ಕಿಗೆ ಕೊಕ್ಕಿಲ್ಲ.

ದೀಪದಡಿ ಹಿಡಿದು ತಿರುಗಿಸಿದೆ.
ಕೆಳಗಿನವು ಹೊರಟಿವೆ, ಮೇಲಿನವು ಬರುತ್ತಿವೆ.
ಗಾಳಿ ಯಾವ ಕಡೆಯದೋ ಅವಕ್ಕೇ ಗೊತ್ತು.

ಓಯ್ವಾ ಬೆನ್ನು ಹಾಕಿ ನಿಂತು ಬ್ರೆಡ್ಡು ಕೊಯ್ಯುತ್ತಿದ್ದ,
ಎರಡೂ ಕೈಯಲ್ಲಿ. ಬಹಳ ಹೊತ್ತು ಕೊಯ್ದ.
ಇಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚು ಹೋಳು.
‘ಹಿಡಿಗೆ ಎಷ್ಟು ಉದ್ದ ಬೇಕು?’
ಎಂದ ಕೊನೆಗೆ, ಬ್ರೆಡ್ಡನ್ನು ಕೇಳುವವನಂತೆ.
ಬೆರಳಿಗೆ ಸುತ್ತಿದ್ದನ್ನು ಬಿಡಿಸಿಕೊಂಡೆ.
‘ಹೆಗಲಿಂದ ಸೊಂಟಕ್ಕೆ. ನಿನ್ನ ಹೆಗಲಲ್ಲ, ನನ್ನದು.’

ಮೊನ್ನೆ ಅಂಗಡಿಯಲ್ಲಿ ಮೂರು ಕಿಲೋ ಆಲೂಗಡ್ಡೆ ತುಂಬಿದಾಗ
ಇಪ್ಪತ್ತೂ ಹಕ್ಕಿಗಳ ಹೊಟ್ಟೆ ಉಬ್ಬಿತು.
ಗಲ್ಲಾದ ಹುಡುಗಿ ಕತ್ತು ಅತ್ತ ವಾಲಿಸಿ ನೋಡಿದಳು,
ಇತ್ತ ವಾಲಿಸಿ ನೋಡಿದಳು,
ಚಿಲ್ಲರೆ ಕೊಡುವುದನ್ನೇ ಮರೆತಳು.