ಹೊಸ ಗಿರಾಕಿ

ನಲವತ್ತು ವರ್ಷ ಗಾದಿ ತುಂಬೀನಿ
ಹಳೇ ಹುಬ್ಬಳ್ಳಿಯೊಳಗ.
ಮದುವಿ ಗಾದಿ, ಬಾಣಂತಿ ಗಾದಿ,
ಲಾರಿ ಸೀಟಿನ ಹಿಂದಿನ ಸಣ್ಣ ಗಾದಿ.
ಮಲಗಾವರ ಅಳತಿ ಕೇಳದ
ಹಾಸಿಗಿ ಮಾಡಾಕ ಕುಂತದ್ದು ಇದೇ ಮೊದಲು.

ಗಿರಾಕಿಗಳು ಧಾರವಾಡದಿಂದ ಬಂದಾವ,
ಅರ್ಧ ಕಿಲೋ.
ಹಸಿ ಗೋಣಿಚೀಲದಾಗ, ನನ್ನ ತೊಡಿ ಮ್ಯಾಲೆ,
ಚಿಗರಿ ಬಸ್ಸಿನ ಥಂಡಿ ಗಾಳಿ ಕುಡಕೋತ.
ಬಾಜೂಕ ಕುಂತಾಕಿ ಕೇಳಿದ್ಲು,
ಮೆಂತ್ಯಾ ಪಲ್ಲೆ ಏನ್ರಿ?
ಹೂಂ ಅಂದೆ.
ನವನಗರ ದಾಟೂತನಕ ಅವು ಮೆಂತ್ಯಾನೇ ಆಗಿದ್ದುವು.

ಹಾಸಿಗಿ ಮೊದಲು, ಹುಳಾ ಆಮ್ಯಾಲೆ,
ಅಂತ ಕೊಟ್ಟಾವ ಹೇಳಿದ್ದ.
ಇದನ್ನ ನನಗ ಹೇಳ್ತಾನ.

ರದ್ದಿ ಪೇಪರ ಹರಿಯಾಕ ಕುಂತೆ.
ಅಡ್ಡ ಹರಿದ್ರ ಹಲ್ಲು ಮುರದಂಗ ಹರೀತೈತಿ,
ಉದ್ದ ಹರಿದ್ರ ಗೆರಿ ಹೊಡದಂಗ.
ಬಟ್ಟಿಗಿ ಇದ್ದಂಗ ಕಾಗದಕ್ಕೂ ಎಳಿ ಐತಿ;
ಅರವತ್ತೆರಡನೇ ವರ್ಷಕ್ಕ ಗೊತ್ತಾತು.
ಮಿಂಚೂ ಹಾಳಿ ಬ್ಯಾಡಂತ, ಬಾಜೂಕಿಟ್ಟೆ.
ಅದರಾಗ ಫೋಮ್ ಗಾದಿ ಜಾಹೀರಾತು,
ಒಂದು ಕೊಂಡ್ರ ಎರಡು ದಿಂಬು ಪುಕ್ಕಟ,
ಮ್ಯಾಲೆ ಜಿಗಿಯೋ ಹುಡುಗಿ.
ಹುಳಾನೂ ಒಲ್ಲೆ ಅಂತಾವ ಅದನ್ನ.

ನೆನಸಿದೆ, ಹಿಂಡಿದೆ.
ಮುಷ್ಟಿ ಬಿಗಿದ್ರ ಎರಡು ಹನಿ ಬೀಳಬೇಕು,
ಹತ್ತು ಬಿದ್ರ ಅದು ಹಾಸಿಗಿ ಅಲ್ಲ, ಕೆರಿ.
ರಟ್ಟಿನ ಚೂರು, ತೆಂಗಿನ ನಾರು, ಕುಟ್ಟಿದ ತತ್ತಿ ಸಿಪ್ಪಿ,
ಹಿತ್ತಲ ಮಣ್ಣು ಒಂದು ಹಿಡಿ.
ಹಲ್ಲಿಲ್ಲದವಕ್ಕ ಹೊಟ್ಟಿಯೊಳಗ ಬೀಸಾಕ
ಕಲ್ಲು ಬೇಕಲ್ಲ.

ಇಲ್ಲಿಂದ ಮುಂದ ನನ್ನ ವಿದ್ಯಾ.
ಒತ್ತಬಾರದು. ಒತ್ತಿದ್ದು ಹಾಸಿಗಿ ಆಗೂದಿಲ್ಲ,
ಹಲಗಿ ಆಗ್ತೈತಿ.
ಗ್ವಾಡಿ ಮ್ಯಾಲೆ ಅಪ್ಪನ ಬಿಲ್ಲು ತೂಗ್ತೈತಿ,
ನರ ಹರದು ಹನ್ನೆರಡು ವರ್ಷ.
ಅದರ ಟುಂಯ್ ಟುಂಯ್ ಸಪ್ಪಳಕ್ಕ
ಓಣಿ ಕೂಸುಗಳು ಮಲಗ್ತಿದ್ದುವು.
ಹಸಿ ಕಾಗದ ಬಿಲ್ಲಿಗೆ ಬಗ್ಗೂದಿಲ್ಲ, ಬೆರಳೇ ಬಿಲ್ಲು.
ಎತ್ತಿ ಎತ್ತಿ ಬಿಡಿಸಿದೆ, ಗಾಳಿ ತುಂಬಿದೆ,
ತೂತು ಹೊಡದ ನೀಲಿ ಡಬ್ಬಿಯ ನಾಕೂ ಮೂಲಿಗೆ ಹಚ್ಚಿದೆ.
ಮೂಲಿ ಬಿಟ್ಟ ಗಾದಿ
ಮೊದಲ ರಾತ್ರೀನೇ ನಡುವ ಕುಸೀತೈತಿ.

ಇನ್ನೊಂದು ಹಿಡಿ ಕಮ್ಮಿ ಬಿತ್ತು.
ಅಟ್ಟದ ಮ್ಯಾಲೆ ಅತ್ತಿ ಖಾತೂನಬಿಯ ಗಾದಿ ಐತಿ,
ಆಕಿ ಹೋದಮ್ಯಾಲೆ ಯಾರೂ ಹಾಸಲಿಲ್ಲ,
ಯಾರೂ ಒಗೀಲೂ ಇಲ್ಲ.
ಇಪ್ಪತ್ತು ವರ್ಷ ದಿನಾ ಮುಂಜಾನಿ ಒಂದೇ ಮಾತು:
ಊರಿಗೆಲ್ಲಾ ಗಾದಿ ಹೊಲೀತಿ,
ನನ್ನ ಗಾದಿಯೊಳಗ ಗಂಟು.
ಮೂರು ಸಲ ಬಿಚ್ಚಿ, ಹಿಂಜಿ, ತುಂಬಿ ಕೊಟ್ಟಿದ್ದೆ.
ಗಂಟು ಸಿಕ್ಕಿದ್ದಿಲ್ಲ.

ಹೊಲಿಗಿ ಬಿಚ್ಚಿದೆ. ಹತ್ತಿ ಚಹಾದ ಬಣ್ಣಕ್ಕ ತಿರಿಗೇತಿ.
ಎಡಗಡಿ, ಆಕಿ ಮಲಗಿ ಬಿದ್ದ ತಗ್ಗಿನ್ಯಾಗ
ಕೈ ಹಾಕಿದೆ.
ಸಿಕ್ತು.
ಅಡಿಕಿಯಷ್ಟು. ಎರಡು ಹತ್ತಿಕಾಳು,
ಸುತ್ತ ಕಲ್ಲಿನಂಗ ಬಿಗಿದ ಹತ್ತಿ.
ಇತ್ತು ನೋಡ್ರಿ.

ಅಲ್ಲೇ ಕುಂತು ಒಬ್ಬಾಕಿನೇ ನಕ್ಕೆ, ಸ್ವಲ್ಪ ಹೊತ್ತು.
ಆಮ್ಯಾಲೆ ನಗಲಿಲ್ಲ.
ಗಂಟು ಬಿಡಿಸಿ ಎಳಿಎಳಿ ಮಾಡಿ
ಹಾಸಿಗಿಗೆ ಸೇರಿಸಿದೆ. ಕಾಳು ಕಿಟಕಿ ಮ್ಯಾಲಿಟ್ಟೆ.

ಸಂಜಿಕ್ಕ ಗೋಣಿ ಕೊಡವಿದೆ.
ಒಂದು ಗಳಿಗಿ ಕೆಂಪು ಉಂಡಿಯಾಗಿ ಬಿದ್ದಿದ್ದುವು,
ಆಮ್ಯಾಲೆ ಒಂದೊಂದೇ ತಲಿ
(ತಲಿ ಅಂತೀನಿ, ಬಾಲಾನೂ ಇರಬಹುದು)
ಸಂದಿ ಹುಡುಕಿ ಇಳದುವು.
ಮೊದಲ ರಾತ್ರಿ ದೀಪ ಆರಿಸಬ್ಯಾಡ್ರಿ,
ಬೆಳಕಿದ್ರ ಹೊರಗ ಬರೂದಿಲ್ಲ, ಅಂದಿದ್ದ.
ಆರಿಸಲಿಲ್ಲ.
ನನಗ ನಿದ್ದಿ ಬರಲಿಲ್ಲ.
ಹೊಸ ಗಾದಿ ಕೊಟ್ಟ ರಾತ್ರಿ ಯಾವತ್ತೂ ಬರೂದಿಲ್ಲ.

ಮುಂಜಾನಿ ಮುಚ್ಚಳ ತೆಗದೆ.
ಕೆಳಗ ಎಲ್ಲಾ ಶಾಂತ.
ಮುಚ್ಚಳದ ಒಳಬದಿಗೆ ಮಾತ್ರ
ಒಂದೇ ಒಂದು ಹತ್ತಿತ್ತು,
ತೆಳ್ಳಗ, ಉದ್ದಕ,
ತಕರಾರು ತಂದ ಗಿರಾಕಿ ಹಂಗ.

ಎಲ್ಲಿ ಐತೆವಾ ಗಂಟು, ಅಂತ ಕೇಳಿ
ಹಾಸಿಗಿ ಮತ್ತ ಹಿಂಜಾಕ ಕುಂತೆ.