ಕೈ ತೊಳೆದ ನೀರು

ಸಿರುಗುಪ್ಪ ರಸ್ತೆಯ ಕೋಲ್ಡ್ ಸ್ಟೋರೇಜಿನ ಹಿಂದೆ
ತಗಡಿನ ಶೆಡ್ಡು. ಒಳಗೆ ನಾನು, ಒಂದು ಯಂತ್ರ.
ಎ.ಸಿ. ಯಂತ್ರಕ್ಕೆ.

ಮೊದಲೆಲ್ಲ ನಾಲಿಗೆಯೇ ತಕ್ಕಡಿಯಂತೆ:
ಮೆಣಸಿನಕಾಯಿಯ ರಸಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗುವುದು,
ಐದು ಜನ ಚಪ್ಪರಿಸುತ್ತ ಕೂರುವುದು,
ಒಂದು ಹನಿಗೆ ಎಷ್ಟು ಸಾವಿರ ಹನಿ ಸುರಿದಾಗ
ಉರಿ ಸುಮ್ಮನಾಯಿತೋ
ಅಷ್ಟು ಸಾವಿರ ಅದರ ಖಾರ.
ಈಗಿನದಕ್ಕೆ ಬಾಯಿಲ್ಲ. ಗೆರೆ ಎಳೆಯುತ್ತದೆ.
ಬ್ಯಾಡಗಿ ಹಾಕಿದರೆ ದಿಬ್ಬ,
ಗುಂಟೂರು ಹಾಕಿದರೆ ನಮ್ಮ ಕೋಟೆಗುಡ್ಡ.

ಹೊನ್ನೂರಬಿಗೆ ಇದೆಲ್ಲ ನಗೆ.
ತೊಟ್ಟು ಬಿಡಿಸಲು ಕೂತು ಹನ್ನೊಂದು ವರ್ಷ.
"ಉಗುರಿನಾಗ ನಿಂತ್ರೆ ಬ್ಯಾಡಗಿ ಸಾರ್,
ಮಣಿಕಟ್ಟಿಗೆ ಬಂದ್ರೆ ಗುಂಟೂರು,
ನಡುರಾತ್ರಿ ಎಬ್ಬಿಸಿ ಕುಂದ್ರಿಸಿದ್ರೆ ಅದು ಹೊಸಾ ಬೀಜ,
ಕಂಪ್ನಿ ಹೆಸ್ರು ನಾ ಹೇಳಂಗಿಲ್ಲ."
ಮೂರು ಸಲ ಪಂದ್ಯ ಕಟ್ಟಿದೆ.
ಎರಡು ಸಲ ಯಂತ್ರ ಅವಳ ಮಾತು ಕೇಳಿತು.
ಮೂರನೆಯ ಸಲ ಕರೆಂಟು ಹೋಯಿತು.

ಮೊನ್ನೆ ಶಿಫ್ಟು ಮುಗಿದ ಮೇಲೆ
ಎಣ್ಣೆ ತಿಕ್ಕಿ, ಸೋಪು ಹಚ್ಚಿ, ಅವಳು ಕೈ ತೊಳೆದ ನೀರನ್ನು
ಯಾಕೋ, ಸೀಸೆಗೆ ಹಿಡಿದೆ.
"ಥೂ, ಹೊಲಸು ನೀರು, ಬಿಡ್ರೀ" ಅಂದಳು.
ಯಂತ್ರ ಭೇದವೆಣಿಸಲಿಲ್ಲ, ತಗ್ಗಾದ ಒಂದು ದಿಬ್ಬ ಎಳೆಯಿತು.
ರಿಜಿಸ್ಟರಿನಲ್ಲಿ ತಾರೀಖು ಬರೆದೆ, ಅಂಕಿ ಬರೆದೆ,
'ತಳಿ' ಎಂಬ ಖಾನೆಗೆ ಬಂದು
ಪೆನ್ನು ನಿಂತಿತು.

ಅವಳ ಮಗಳ ಕಣ್ಣಿಗೆ ಕಾಡಿಗೆ ತೀಡುವವಳು
ಪಕ್ಕದ ಮನೆಯ ಗಾಳೆಮ್ಮ.
ಹಾಗಂತ ದೂರಲಿಲ್ಲ ಹೊನ್ನೂರಬಿ,
ಬಸ್ಸಿನ ಹೊತ್ತು ಹೇಳಿದಂತೆ ಹೇಳಿದಳು.

ರಾತ್ರಿ ಮೋತಿ ಸರ್ಕಲ್ಲಿನ ಬಾರು.
ಒಂದು ಬೀರು, ಒಂದು ಪ್ಲೇಟು ಮಿರ್ಚಿ.
ಇದರ ಕಹಿಯನ್ನು ಬೆಳಕಿನಿಂದ ಅಳೆಯುತ್ತಾರೆ, ಓದಿದ್ದೇನೆ:
ಕಹಿಯನ್ನಷ್ಟೇ ಬೇರೆ ದ್ರವಕ್ಕೆ ಸೆಳೆದು,
ಕಣ್ಣಿಗೆ ಕಾಣದ ಬೆಳಕು ಹಾಯಿಸಿ,
ದಾಟಲಾರದೆ ಉಳಿದದ್ದನ್ನು ಐವತ್ತರಿಂದ ಗುಣಿಸಬೇಕು.
ನೂರರ ಆಚೆ ನಾಲಿಗೆಗೆ ವ್ಯತ್ಯಾಸ ತಿಳಿಯದಂತೆ,
ಲೆಕ್ಕ ಮಾತ್ರ ಏರುತ್ತಲೇ ಇರುತ್ತದಂತೆ.

ಗ್ಲಾಸು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ.
"ಏನಾರ ಬಿದ್ದೈತೇನ್ ಸಾರ್ ಅದ್ರಾಗ?"
ಸಪ್ಲೈಯರ್ ಹುಡುಗ ಬಗ್ಗಿ ನೋಡಿದ.
ಇಲ್ಲಪ್ಪ ಅಂದೆ,
ಮಿರ್ಚಿ ಮುರಿದ ಕೈಯನ್ನು
ಮುಖದಿಂದ ದೂರ ಇಟ್ಟುಕೊಂಡು.

ಖಾನೆ ಖಾಲಿಯೇ ಇದೆ.
ಸೋಮವಾರ ಆಡಿಟ್.