ಮೀರಾ ಸರ್ಕಲ್

ಬೋರ್ಡು ಬರೆದವನು ನಾನೇ, ಚಾಂದ್ ಆರ್ಟ್ಸ್.
ಮೂರಡಿ ತಗಡಿಗೆ ಆರಡಿ ಹೆಸರು.
ಮೇಲೆ ‘ಅಡ್ಮಿರಲ್ ವೃತ್ತ’, ಕೆಳಗೊಂದು ಹಡಗು,
ಹಡಗಿನ ಕೆಳಗೆ ಸಮುದ್ರ.
ಡಿಸೆಂಬರ್ ನಾಲ್ಕರೊಳಗೆ ಸಮುದ್ರ ಒಣಗಿರಬೇಕು
ಅಂದರು ಮೆಂಬರು ಮುನಿಕೆಂಪಣ್ಣ.
ಮುಂಗಡ ಐನೂರು, ಬಾಕಿ ಉದ್ಘಾಟನೆ ಮುಗಿದ ಮೇಲೆ.

ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಲಿ ಸಮುದ್ರದ ಬಣ್ಣ?
ಅಮ್ಮನ ಕೆರೆ ತುಂಬಿದಾಗ ಕಂಡದ್ದು ಮಣ್ಣುಗೆಂಪು,
ರೀಲರುಗಳ ಬಾನಿಯ ನೀರು ಮೂರನೇ ಸಲ ಕುದಿಸಿದ ಟೀ.
ಕ್ಯಾಲೆಂಡರಿನ ನೀಲಿಯನ್ನೇ ನಂಬಿ
ಡಬ್ಬಿಯ ಮುಚ್ಚಳ ಎಬ್ಬಿಸಿದೆ.

ರಾತ್ರಿ ಹನ್ನೊಂದಕ್ಕೆ ಬಂದ
ಗೂಡಿನ ಮಾರ್ಕೆಟ್ಟಿನ ವಾಚ್‌ಮನ್ ಪಿಳ್ಳಂಜಿನಪ್ಪ,
ಕೈಯಲ್ಲಿ ಟಾರ್ಚು.
ನೇವಿಯಲ್ಲಿದ್ದವನು, ಊರಿಗೆಲ್ಲ ಗೊತ್ತು.
ಕ್ರೇಟು ಎಣಿಸುವಾಗ ಈಗಲೂ ಅದಿನ್, ದ್ವಾ, ತ್ರಿ,
ರಷ್ಯದವರು ಕಲಿಸಿದ ಲೆಕ್ಕ, ಒಂದು ಗೂಡೂ ತಪ್ಪುವುದಿಲ್ಲ.
ಉದ್ಘಾಟನೆಯ ಕಾರ್ಡು ಅವನಿಗೆ ಹೋಗಿರಲಿಲ್ಲ.

‘ಇದು ಹಗಲಿನ ಸಮುದ್ರ,’ ಅಂದ.
‘ನಾವು ಹೋಗಿದ್ದು ರಾತ್ರಿ. ಕಪ್ಪು ಹಚ್ಚು.’
ಹಚ್ಚಿದೆ.
‘ಇನ್ನೂ. ದೀಪ ಆರಿಸಿದ ಹಡಗಿನ ಒಳಗಿರ್ತದಲ್ಲ, ಆ ಕಪ್ಪು.’
ಇನ್ನೊಂದು ಕೋಟು ಎಳೆದೆ.
‘ಅಡ್ಮಿರಲ್ ಹೇಗಿದ್ರಣ್ಣ?’
‘ಪೇಪರಲ್ಲಿ ನೋಡಿದೀನಿ, ನೀನು ನೋಡಿದಷ್ಟೇ.
ಗೆದ್ದಿದ್ದು ಸಾಹೇಬ್ರು. ನಾನು ಕೆಳಗೆ ಎಣ್ಣೆ ಒರೆಸ್ತಿದ್ದೆ.
ಗೆದ್ವಿ ಅಂತ ನನಗೆ ಹೇಳಿದ್ದು ಎಂಜಿನ್ನು.
ವಾಪಸ್ ಹೊರಟ ಹಡಗು
ಬೇರೆ ತರ ಉಸಿರಾಡ್ತದೆ.’

ಆಮೇಲೆ ನನ್ನ ಸಣ್ಣ ಬ್ರಷ್ಷು ತಾನೇ ತೆಗೆದುಕೊಂಡು
ಕೇಸರಿಯಲ್ಲಿ ಅದ್ದಿ ಬಲಮೂಲೆಗೆ
ಉಗುರಿನಷ್ಟು ಚುಕ್ಕೆ ಇಟ್ಟ.
‘ಗಾಳಿಗೆ ಅಂತ ಐದು ನಿಮಿಷ ಮೇಲೆ ಬಿಟ್ರು. ಇಷ್ಟು ಕಾಣಿಸ್ತು.
ಎಲ್ಲರೂ ಟೋಪಿ ಹಾರಿಸಿದ್ರು. ನಾನೂ ಹಾರಿಸ್ದೆ.
ಅಲ್ಲೂ ಕೆಳಗಡೆ, ಎಂಜಿನ್ ಪಕ್ಕ,
ಚಿಂದಿಬಟ್ಟೆ ಹಿಡ್ಕೊಂಡು ನನ್ನಂತೋನು ಒಬ್ಬ ಇದ್ದಿರ್ತಾನಲ್ಲ.
ಅವನಿಗೆ ಮೆಟ್ಟಿಲು ಸಿಕ್ತೋ ಇಲ್ವೋ.’

ಟಾರ್ಚು ಆರಿಸಿದ.
ಗಾಳಿಯಲ್ಲಿ ಗೂಡು ಬೇಯುವ ವಾಸನೆ.
ಹುಳ ಒಳಗಿರುವಾಗಲೇ ಬೇಯಿಸಬೇಕು,
ತೂತು ಮಾಡಿ ಹೊರಬಂದರೆ
ನೂಲು ತುಂಡು.

ಬೆಳಿಗ್ಗೆ ಮೆಂಬರು ಸೊಂಟಕ್ಕೆ ಕೈಯಿಟ್ಟು ನೋಡಿದರು.
‘ಏನಯ್ಯಾ, ಅಮಾವಾಸ್ಯೆ ಬರ್ದಿದೀಯ?
ಗೆದ್ದ ಸಮುದ್ರ ಮಿರಿಮಿರಿ ಅನ್ನಬೇಕು!’
ಕಪ್ಪಿನ ಮೇಲೆ ನೀಲಿ ಬಳಿದೆ. ಚುಕ್ಕೆಯ ಮೇಲೂ ಬಳಿದೆ,
ಬಳಿಯುವಾಗ ಆ ಕಡೆ ನೋಡಲಿಲ್ಲ.

ನಾಲ್ಕನೇ ತಾರೀಖು ಬ್ಯಾಂಡು, ಬಾವುಟ, ಬೂಂದಿ.
ಹೈಸ್ಕೂಲಿನ ಮೇಷ್ಟರು ಅಡ್ಮಿರಲ್ ಸಾಹೇಬರ ಧೈರ್ಯ ಹೇಳಿದರು,
ಮಕ್ಕಳು ಬಿಸಿಲಲ್ಲಿ ಚಪ್ಪಾಳೆ ತಟ್ಟಿದರು.
ಹಿಂದೆ, ಬೀಡಾ ಅಂಗಡಿ ಪಕ್ಕ, ಇಸ್ತ್ರಿ ಷರಟಿನಲ್ಲಿ ಪಿಳ್ಳಂಜಿನಪ್ಪ.
ಸೆಲ್ಯೂಟಿಗೆಂದು ಎದ್ದ ಕೈ
ಅರ್ಧಕ್ಕೆ ಬಂದು ಕಿವಿ ತುರಿಸಿಕೊಂಡಿತು.

ಇದೆಲ್ಲ ಆಗಿ ಹನ್ನೆರಡು ವರ್ಷ.
ಕುರಿಗೊಬ್ಬರದ ಕ್ಯಾಂಟರೊಂದು ರಿವರ್ಸ್ ಬಂದು
‘ಅಡ್’ ಅನ್ನು ಒರೆಸಿಕೊಂಡು ಹೋಯಿತು.
ಉಳಿದದ್ದು ‘ಮಿರಲ್’.
ಕಂಡಕ್ಟರ ಬಾಯಲ್ಲಿ ಅದು ಮೀರಾ ಸರ್ಕಲ್.
ಈಗ ಮೀರಾ ಬ್ಲೌಸ್ ಸೆಂಟರ್, ಮೀರಾ ಆಟೋ ಸ್ಟ್ಯಾಂಡ್, ಮೀರಾ ಚಿಕನ್.
ಯಾರಮ್ಮ ಈ ಮೀರಾ ಅಂದರೆ
ಯಾರೋ ಪುಣ್ಯಾತ್ಗಿತ್ತಿ, ಜಾಗ ಬಿಟ್ಟುಕೊಟ್ಟಿರಬೇಕು ಅನ್ನುತ್ತಾರೆ.

ಪಿಳ್ಳಂಜಿನಪ್ಪ ಹೋಗಿ ಮೂರು ವರ್ಷ.
ಮಣ್ಣಿಗೆ ಹದಿನೈದು ಜನ ಬಂದಿದ್ದರು. ನಾನು ಎಣಿಸಿದೆ,
ಅದಿನ್, ದ್ವಾ, ತ್ರಿ.
ನಾಲ್ಕಕ್ಕೆ ಏನೆನ್ನಬೇಕೋ ತಿಳಿಯದೆ
ಕನ್ನಡಕ್ಕೆ ಹೊರಳಿದೆ.

ನೀಲಿ ಈಗ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ,
ಅಡಿಯಿಂದ ಕಪ್ಪು ಬರುತ್ತಿದೆ, ಒದ್ದೆಯಾದ ಹಾಗೆ.
ಬಲಮೂಲೆ ಮಾತ್ರ ಗಟ್ಟಿ. ಮೊನ್ನೆ ಸೈಕಲ್ ನಿಲ್ಲಿಸಿ
ಹೆಬ್ಬೆರಳಿಂದ ಕೆರೆಯಹೋಗಿ
ಯಾಕೋ ಕೈ ಜೇಬಿಗಿಟ್ಟುಕೊಂಡೆ.

ಮೆಂಬರು ಫೋನು ಮಾಡುತ್ತಾರೆ: ಹೊಸದಾಗಿ ಹೊಡಿ, ಡಿಸೆಂಬರ್ ಬಂತು.
ನಾನು ಅನ್ನುತ್ತೇನೆ, ಮೊದಲು ಹಳೆಯ ಬಾಕಿ ಕೊಡಿ ಸಾರ್.
ಕೊಡುವುದಿಲ್ಲ ಅಂತ ಗೊತ್ತು.
ಅದಕ್ಕೇ ಕೇಳುತ್ತೇನೆ.